ಸ್ಟಾರ್ಟರ್ ಡಬ್ಬಿಯ ಹಲ್ಲಿ

ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದೊಳಗೆ ಎತ್ತರದ ಆಳು ನೆಟ್ಟಗೆ ನಡೆಯುವಂತಿಲ್ಲ. ಕಲ್ಲುಕಂಬಗಳ ಮೇಲೆ ತಂತಿ ಬಿಗಿದ ಚಪ್ಪರ, ಅದರಡಿ ತೂಗುವ ಗೊಂಚಲು; ತಲೆ ಬಗ್ಗಿಸಿಯೇ ಓಡಾಡಬೇಕು. ಬೇಸಿಗೆ ಬೆಳೆಯ ಬೆಂಗಳೂರು ಬ್ಲೂ ಬಣ್ಣ ತಿರುಗಿ ಮುಗಿಯುತ್ತ ಬಂದಿದೆ. ಹೆಸರು ಬ್ಲೂ, ಜನ ಕರೆಯುವುದು ಕಪ್ಪು ದ್ರಾಕ್ಷಿ ಎಂದು, ಹಿಂಡಿದರೆ ಬರುವುದು ನೇರಳೆ ರಸ. ಬಣ್ಣದ ವಿಚಾರದಲ್ಲಿ ದ್ರಾಕ್ಷಿಯವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಒಂದು ಸಾಲಿನ ನಡುವೆ ಹಳೇ ಸೀರೆಯ ಚೂರು ಕಟ್ಟಿದ ಕೊಂಬೆಯೊಂದಿದೆ. ಅದರ ಗೊಂಚಲುಗಳು ಕಪ್ಪಾಗಿಲ್ಲ. ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಬಂದು ನಿಂತುಬಿಟ್ಟಿವೆ.

ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. ಯುಗಾದಿಗೆ ಊರಿಗೆ ಬಂದಿರುವ ತಮ್ಮನ ಮಗಳು ಗಿಡಗಳ ವಂಶವಾಹಿಗಳ ಮೇಲೆ ಸಂಶೋಧನೆ ನಡೆಸುತ್ತಿರುವವಳು. ಹಬ್ಬದೂಟ ಮುಗಿಸಿ ಇಬ್ಬರೂ ಆ ಕೊಂಬೆಯ ಕೆಳಗೆ ಬಂದು ನಿಂತರು.

"ಕಡಿದು ಬಿಸಾಕೋಣ ಅಂತಿದ್ದೆ. ನೀನು ಬರ್ತೀಯ ಅಂತ ಬಿಟ್ಟೆ."

"ಎಷ್ಟು ಬೆಳೆಯಿಂದ ಹೀಗೆ ಬರ್ತಿದೆ ದೊಡ್ಡಪ್ಪ?"

"ಇದು ಸೇರಿ ಮೂರನೇದು. ಆದರೆ ನೀನು ಅಷ್ಟೊಂದು ಕಣ್ಣು ಅರಳಿಸಬೇಡ. ಬೆಂಗಳೂರು ಬ್ಲೂ ಒಂದೇ ಸಮ ಹಣ್ಣಾಗಲ್ಲ ಅನ್ನೋದು ಹಳೇ ಕಥೆ. ಗೊಂಚಲು ಜಾಸ್ತಿ ಬಿಟ್ಟರೂ ಹೀಗಾಗುತ್ತೆ, ಬಿಸಿಲು ಏರಿದರೂ ಆಗುತ್ತೆ, ಪೊಟ್ಯಾಷ್ ಕಮ್ಮಿಯಾದರೂ ಆಗುತ್ತೆ."

"ಅದು ಬೇರೆ. ಅದರಲ್ಲಿ ಒಂದೇ ಗೊಂಚಲಲ್ಲಿ ನಾಲ್ಕು ಕಪ್ಪು, ಎರಡು ಹಸಿರು ಇರುತ್ತೆ. ಇಲ್ಲಿ ನೋಡಿ, ಕೊಂಬೆಗೆ ಕೊಂಬೆಯೇ ಒಂದೇ ಬಣ್ಣ. ಪಕ್ಕದ ಕೊಂಬೆಗೂ ಇದೇ ಬೇರು, ಇದೇ ಗೊಬ್ಬರ, ಇದೇ ಬಿಸಿಲು. ಅದು ಕಾಡಿಗೆ ಥರ ಕಪ್ಪಗಿದೆ."

"ಸರಿ, ಹಾಗಾದರೆ ಬಣ್ಣ ಎಲ್ಲಿ ಹೋಯ್ತು?"

"ಬಣ್ಣ ಎಲ್ಲೂ ಹೋಗಿಲ್ಲ. ಸ್ಟಾರ್ಟರ್ ಕೆಟ್ಟಿದೆ."

ದೊಡ್ಡಪ್ಪ ತೋಟದ ಮೂಲೆಯ ಪಂಪ್‌ಸೆಟ್ ಮನೆಯ ಕಡೆ ತಿರುಗಿ ನೋಡಿದರು. ಆಕೆ ನಕ್ಕಳು.

"ಆ ಸ್ಟಾರ್ಟರ್ ಅಲ್ಲ. ಆದರೆ ಲೆಕ್ಕ ಅದೇ. ಬಾವಿ ಇದೆ, ಮೋಟರ್ ಇದೆ, ಪೈಪ್ ಇದೆ, ಸ್ಟಾರ್ಟರ್ ಮಾತ್ರ ಹಿಡೀತಿಲ್ಲ ಅಂದರೆ ನೀರು ಬರುತ್ತಾ? ದ್ರಾಕ್ಷಿ ಸಿಪ್ಪೆಯ ಕಪ್ಪಿಗೆ ಆಂಥೋಸಯನಿನ್ ಅಂತಾರೆ. ಅದನ್ನ ತಯಾರು ಮಾಡೋ ಜೀನ್‌ಗಳ ಸಾಲೇ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನವರು 1996ರಲ್ಲಿ ನೋಡಿದರೆ, ಬಿಳಿ ದ್ರಾಕ್ಷಿಯಲ್ಲೂ ಆ ಸಾಲಿನ ಜೀನ್‌ಗಳೆಲ್ಲ ಇವೆ, ಕೊನೇದೊಂದು ಮಾತ್ರ ಕೆಲಸವೇ ಮಾಡ್ತಿಲ್ಲ. ಆ ಜೀನ್ ಕೆಟ್ಟಿರಲಿಲ್ಲ. ಅದನ್ನ ಎಬ್ಬಿಸೋರು ಇರಲಿಲ್ಲ, ಅಷ್ಟೆ."

"ಎಬ್ಬಿಸೋರು ಅಂದರೆ?"

"ಅದೇ ಸ್ಟಾರ್ಟರ್. ಅದನ್ನ ಹಿಡಿದವರು ಜಪಾನಿನವರು. ಹಿರೋಶಿಮಾ ಸೀಮೆಯ ಅಕಿತ್ಸು ಅನ್ನೋ ಊರಲ್ಲಿ ಹಣ್ಣಿನ ಮರಗಳ ಸಂಶೋಧನಾ ಕೇಂದ್ರ ಇದೆ. ದ್ರಾಕ್ಷಿ ಮತ್ತು ಪರ್ಸಿಮನ್ ಹಣ್ಣು, ಇವೆರಡೇ ಅಲ್ಲಿನ ಕೆಲಸ. ಶೋಜೊ ಕೊಬಾಯಾಶಿ ಅಂತ ವಿಜ್ಞಾನಿ. ಅವರು ಇಟಾಲಿಯಾ ಅನ್ನೋ ಬಿಳಿ ತಳಿಯನ್ನೂ, ರೂಬಿ ಒಕುಯಾಮ ಅನ್ನೋ ಕೆಂಪು ತಳಿಯನ್ನೂ ಪಕ್ಕಪಕ್ಕ ಇಟ್ಟು ಓದಿದರು. ಈ ರೂಬಿ ಬೇರೆ ಯಾವುದೋ ಜಾತಿ ಅಲ್ಲ. ಬ್ರೆಜಿಲ್‌ನಲ್ಲಿ ಇಟಾಲಿಯಾ ಬಳ್ಳಿಯಲ್ಲೇ ಒಂದು ಕೊಂಬೆ ಇದ್ದಕ್ಕಿದ್ದ ಹಾಗೆ ಕೆಂಪು ಬಿಟ್ಟಿತ್ತು. ಅದನ್ನ ಕಡಿದು ನೆಟ್ಟು ಬೆಳೆಸಿದ್ದು."

"ಯಾರು ಕಡಿದು ನೆಟ್ಟಿದ್ದು? ವಿಜ್ಞಾನಿಯಾ, ರೈತನಾ?"

"...ರೈತ."

"ಮುಂದೆ ಹೇಳು."

ಈ ಒಂದು ಸೊಲ್ಲಿನಲ್ಲಿ ದೊಡ್ಡಪ್ಪ ಒಂದು ಹೆಜ್ಜೆ ಮುಂದಿಟ್ಟದ್ದು ಆಕೆಗೆ ಗೊತ್ತಾಯಿತು. ಆದರೂ ಕಥೆ ಬಿಡಲಿಲ್ಲ.

"ಎರಡನೇ ವರ್ಣತಂತುವಿನ ಮೇಲೆ ಸ್ಟಾರ್ಟರ್ ಕೆಲಸದ ಒಂದು ಜೀನ್ ಇದೆ. ಬಿಳಿ ತಳಿಯಲ್ಲಿ ಆ ಜೀನ್ ಶುರುವಾಗೋ ಬಾಗಿಲಿಗೇ ಎಲ್ಲಿಂದಲೋ ಬಂದ ಒಂದು ತುಂಡು ಸಿಕ್ಕಿಕೊಂಡಿತ್ತು. ಸುಮಾರು 10,000 ಅಕ್ಷರ ಉದ್ದ. ಅದಕ್ಕೆ ಗ್ರೆಟ್1 ಅಂತ ಹೆಸರಿಟ್ಟರು. ಜೀವಕೋಶದೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಸೇರಿಕೊಳ್ಳೋ ಜಾತಿಯ ತುಂಡು ಅದು. ಇಂಥವು ಇವೆ ಅಂತ ಮೆಕ್ಕೆಜೋಳದ ತೆನೆ ನೋಡಿ ಮೊದಲು ಹೇಳಿದ್ದು ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್. ತುಂಬಾ ವರ್ಷ ಜನ ಅವರ ಮಾತನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. 1983ರಲ್ಲಿ ನೊಬೆಲ್ ಕೊಟ್ಟರು."

"ಸ್ಟಾರ್ಟರ್ ಡಬ್ಬೀಲಿ ಹಲ್ಲಿ ಸೇರ್ಕೊಳ್ಳುತ್ತಲ್ಲ, ಹಾಗೆ ಅನ್ನು. ಹೋದ ಮಳೆಗಾಲದಲ್ಲಿ ಎರಡು ದಿನ ಮೋಟರ್ ನಿಂತಿತ್ತು. ಬಿಚ್ಚಿ ನೋಡಿದರೆ ಒಳಗೆ ಹಲ್ಲಿ ಸತ್ತು ಬಿದ್ದಿತ್ತು."

"ಅದೇ! ಪಾಠ ಮಾಡೋವಾಗ ಇದನ್ನೇ ಹೇಳ್ತೀನಿ ಇನ್ನು ಮೇಲೆ. ಈಗ ರೂಬಿ ವಿಚಾರ ಕೇಳಿ. ಕೆಂಪು ತಿರುಗಿದ ಆ ಕೊಂಬೆಯಲ್ಲಿ ಹಲ್ಲಿ ಆಚೆ ಹೋಗಿತ್ತು. ಆದರೆ ಬಾಲ ಅಲ್ಲೇ ಬಿಟ್ಟು ಹೋಗಿತ್ತು."

"ಹಲ್ಲಿ ಬಾಲ ಬಿಡೋದು ಇದ್ದಿದ್ದೇ."

"ಗ್ರೆಟ್1ಗೆ ಎರಡು ತುದಿಯಲ್ಲೂ ಒಂದೇ ಥರದ ಅಂಚು ಇರುತ್ತೆ. ಎರಡೂ ಒಂದಕ್ಕೊಂದು ಬೆಸೆದುಕೊಂಡು ನಡುವಿನದೆಲ್ಲ ಕಳಚಿ ಬಿತ್ತು, ಒಂದು ಅಂಚು ಮಾತ್ರ ಉಳೀತು. ಬಾಲ ಅಡ್ಡ ಇದ್ದರೂ ಸ್ಟಾರ್ಟರ್ ಮತ್ತೆ ಹಿಡೀತು, ಹಣ್ಣು ಕೆಂಪಾಯ್ತು. ಅಲೆಕ್ಸಾಂಡ್ರಿಯಾ ಮಸ್ಕಟ್ ಅನ್ನೋ ಇನ್ನೊಂದು ಬಿಳಿ ತಳಿಯಿಂದ ಹುಟ್ಟಿದ ಕೆಂಪು ಕೊಂಬೆಯಲ್ಲೂ ಇದೇ ಗುರುತು ಸಿಕ್ಕಿತು. 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಇಡೀ ಲೇಖನ ಒಂದು ಪುಟದಷ್ಟು, ಅಷ್ಟೇ."

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸ್ಟಾರ್ಟರ್ ಒಂದಲ್ಲ, ಪಕ್ಕದಲ್ಲೇ ಅದರ ಜೊತೆಗಾರ ಜೀನ್ ಒಂದಿದೆ. ಒಂದು ಕೆಟ್ಟರೂ ಇನ್ನೊಂದು ಬಣ್ಣ ತರುತ್ತದೆ. ಅಡಿಲೇಡ್‌ನ ಅಮಾಂಡಾ ವಾಕರ್ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದ್ದು ಇದನ್ನು: ಬಿಳಿ ದ್ರಾಕ್ಷಿ ಹುಟ್ಟಬೇಕಾದರೆ ಎರಡೂ ಕೆಟ್ಟಿರಬೇಕು, ಎರಡೂ ಬೇರೆ ಬೇರೆ ರೀತಿಯಲ್ಲಿ ಕೆಟ್ಟಿವೆ. ಇಂಥ ಜೋಡಿ ಅಪಘಾತ ಮತ್ತೆ ಮತ್ತೆ ಆಗುವಂಥದ್ದಲ್ಲ. ಆದರೂ ಪರೀಕ್ಷೆಗೆ ಒಳಗಾದ ಬಿಳಿ ತಳಿಗಳಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ಅದೇ ಗುರುತು ಹೊತ್ತಿವೆ. ಎಂದರೆ ಇವತ್ತು ಸಂತೆಯಲ್ಲಿ ರಾಶಿ ಹಾಕಿರುವ ಹಸಿರು ದ್ರಾಕ್ಷಿಯ ಬಹುಪಾಲು ಎಂದೋ ಎಲ್ಲೋ ಒಂದೇ ಬಳ್ಳಿಯ ವಂಶದಲ್ಲಿ ಆದ ಕೇಡಿನ ಫಲ. ಎಷ್ಟು ಹಿಂದೆ? ಈಜಿಪ್ಟಿನ ತುತಾಂಖಾಮುನ್ ಗೋರಿಯ ಕೆಲವು ಮದ್ಯದ ಜಾಡಿಗಳಲ್ಲಿ ದ್ರಾಕ್ಷಿಯ ಆಮ್ಲವಿದ್ದು, ಕೆಂಪು ದ್ರಾಕ್ಷಿಯ ಕುರುಹು ಇಲ್ಲವೆಂದು ಬಾರ್ಸಿಲೋನಾದ ಸಂಶೋಧಕರು 2006ರಲ್ಲಿ ಕಂಡರು. ಹಾಗಿದ್ದರೆ 3,300 ವರ್ಷಗಳ ಹಿಂದೆಯೇ ರಾಜನ ಮನೆಯಲ್ಲಿ ಬಿಳಿ ವೈನ್ ಇತ್ತು.

"ಹಾಗಾದರೆ," ದೊಡ್ಡಪ್ಪ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದರು, "ಕೆಟ್ಟಿದ್ದನ್ನ ಯಾರೋ ಎಸೀಲಿಲ್ಲ. ಕಾಡಲ್ಲಿದ್ದಿದ್ದು ಕಪ್ಪು ಹಣ್ಣು. ಬಿಳೀದು ಬಿಟ್ಟಾಗ ಯಾರೋ ತಿಂದು ನೋಡಿ, ಪರವಾಗಿಲ್ಲ ಅಂತ ಕಡ್ಡಿ ಕಡಿದು ನೆಟ್ಟ. ಅವನಿಗೆ ಗ್ರೆಟ್ಟೂ ಗೊತ್ತಿಲ್ಲ, ಒಂದೂ ಗೊತ್ತಿಲ್ಲ. ಸೋಲಾಪುರದ ಕಡೆ ನಾನ್ನಜ್‌ನಲ್ಲಿ ನಾನಾಸಾಹೇಬ್ ಕಾಳೆ ಅಂತ ಇದ್ದರು. ಕಿಶ್ಮಿಶ್ ಚೋರ್ನಿ ತೋಟದಲ್ಲಿ ಬೇರೆ ಥರ ಬಿಟ್ಟ ಕೊಂಬೆ ನೋಡಿ ಶರದ್ ಸೀಡ್‌ಲೆಸ್ ಮಾಡಿದರು. ಥಾಮ್ಸನ್‌ನಿಂದ ಸೋನಾಕ ತೆಗೆದರು. ಸಾಂಗ್ಲಿ ಕಡೆಯ ತಾಸ್-ಎ-ಗಣೇಶನೂ ರೈತ ಹುಡುಕಿದ್ದೇ. ಕಣ್ಣಿದ್ದರೆ ಸಾಕು ಕಣಮ್ಮ. ನೀವು ಆಮೇಲೆ ಬಂದು ಯಾಕೆ ಆಯ್ತು ಅಂತ ಬರೀತೀರ."

"ಆಮೇಲೆ ಬಂದು ಬರೆಯೋದಷ್ಟೇ ಅಲ್ಲ. ದ್ರಾಕ್ಷಿ ಬೀಜ ಹಾಕಿ ಹೊಸ ತಳಿ ಮಾಡೋರು ಸಸಿ ಹಣ್ಣು ಬಿಡೋಕೆ ಮೂರು ವರ್ಷ ಕಾಯಬೇಕು. ಸಾವಿರ ಸಸಿ ಸಾಕಿ, ನೀರು ಹಾಕಿ, ಔಷಧಿ ಹೊಡೆದು, ಕೊನೇಲಿ ಅರ್ಧಕ್ಕರ್ಧ ಬೇಡದ ಬಣ್ಣ ಅಂತ ಕಿತ್ತು ಎಸೀಬೇಕು. ಈಗ ಎರಡೆಲೆ ಬಿಟ್ಟಾಗಲೇ ಒಂದೆಲೆ ಕಿತ್ತು ಪರೀಕ್ಷೆ ಮಾಡಿದರೆ ಇದು ಕಪ್ಪು, ಇದು ಬಿಳಿ ಅಂತ ಹೇಳಬಹುದು. ಜಾಗ ಉಳೀತು, ವರ್ಷ ಉಳೀತು."

"ಯಾರಿಗೆ ಉಳೀತು?"

"ತಳಿ ಮಾಡೋರಿಗೆ."

"ಹೂಂ."

ದೊಡ್ಡಪ್ಪನ 'ಹೂಂ'ಗೆ ಹತ್ತು ಅರ್ಥವಿದೆ, ಇದು ಒಪ್ಪಿಗೆಯದಲ್ಲ. ಆಕೆ ದಾರಿ ಬದಲಿಸಿ ಮನೆಯ ಹತ್ತಿರದ ಉದಾಹರಣೆಗೇ ಬಂದಳು.

"ದೂರ ಬೇಡ. ನಮ್ಮ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಬ್ಲೂಗೆ ಅನಾಬ್-ಎ-ಶಾಹಿ ಕೂಡಿಸಿ ಅರ್ಕಾ ಹಂಸ್ ಅಂತ ತಳಿ ಮಾಡಿದರು. ಅದರ ಬಣ್ಣ ಏನು ಗೊತ್ತಾ?"

"ಅಪ್ಪನ ಕಾಲದಲ್ಲಿ ಅನಾಬ್ ಇತ್ತು ನಮ್ಮಲ್ಲಿ. ಹಳದಿ ಹಸಿರು. ಇದು ಕಪ್ಪು. ಕಪ್ಪೇ ಗೆದ್ದಿರಬೇಕು."

"ಅರ್ಕಾ ಹಂಸ್ ಹಳದಿ ಹಸಿರು."

"ಅದು ಹೇಗೆ?"

"ಪ್ರತಿ ಬಳ್ಳಿಯಲ್ಲೂ ಪ್ರತಿ ಜೀನ್‌ಗೆ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಸರಿ ಇದ್ದರೆ ಸಾಕು, ಹಣ್ಣು ಕಪ್ಪು. ಎರಡೂ ಕೆಟ್ಟರೆ ಮಾತ್ರ ಬಿಳಿ. ಅಂದರೆ ನಿಮ್ಮ ಈ ಕಪ್ಪು ಬೆಂಗಳೂರು ಬ್ಲೂ ತನ್ನೊಳಗೆ ಒಂದು ಬಿಳಿ ಚೀಟಿ ಮಡಚಿ ಇಟ್ಕೊಂಡಿದೆ. ಅನಾಬ್‌ನಿಂದ ಇನ್ನೊಂದು ಬಿಳಿ ಚೀಟಿ ಸೇರಿದಾಗ ಮಗು ಬಿಳಿಯಾಯ್ತು. ಬ್ಲ್ಯಾಕ್ ಚಂಪಾಗೆ ಥಾಮ್ಸನ್ ಸೀಡ್‌ಲೆಸ್ ಕೂಡಿಸಿದಾಗಲೂ ಇದೇ ಆಟ. ಅದೇ ಅಪ್ಪ ಅಮ್ಮನಿಗೆ ಅರ್ಕಾ ನೀಲಮಣಿ ಕಪ್ಪು, ಅರ್ಕಾವತಿ ಹಳದಿ ಹಸಿರು."

"ಒಂದೇ ಮನೆ ಮಕ್ಕಳು." ದೊಡ್ಡಪ್ಪನಿಗೆ ಇದು ಹಿಡಿಸಿತು. ಆದರೆ ಹಿಡಿಸಿದ್ದನ್ನು ತೋರಿಸಿಕೊಳ್ಳುವ ಜಾತಿಯಲ್ಲ. "ಹೆಸರಘಟ್ಟದವರು ಅದನ್ನ ಮಾಡಿದಾಗ ನಿನ್ನ ಹಲ್ಲಿ ಗೊತ್ತಿತ್ತಾ?"

"ಇಲ್ಲ."

"ಗೊತ್ತಿಲ್ಲದೇ ಮಾಡಿದರು. ಅಷ್ಟೆಲ್ಲ ಮಾಡಿದ ಆ ಹಂಸವನ್ನ ನಾನು ಇವತ್ತಿನವರೆಗೆ ಮಂಡಿಯಲ್ಲಿ ನೋಡಿಲ್ಲ. ಈ ಬೆಂಗಳೂರು ಬ್ಲೂನ ನೋಡು. ಯಾವ ಕಾಲದಲ್ಲೋ ಬಂದಿದ್ದು, ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇದೆ ಅಂತಾರೆ, ಸಿಪ್ಪೆ ದಪ್ಪ, ಬೀಜ ಬೇರೆ. ಪಟ್ಟಣದವರು ಮೂಗು ಮುರೀತಾರೆ. ರೋಗ ತಡೆಯುತ್ತೆ, ಜ್ಯೂಸಿಗೆ ಹೋಗುತ್ತೆ, ವೈನಿಗೆ ಹೋಗುತ್ತೆ. ಅದಕ್ಕೇ ಉಳೀತು. ಭೌಗೋಳಿಕ ಸೂಚಿ ಅಂತ ಸರ್ಕಾರದ ಮುದ್ರೇನೂ ಬಿತ್ತು."

"ಅದೇ ನಾನು ಹೇಳ್ತಿರೋದು. ಆ ಬಿಳಿ ಚೀಟಿ ಇರೋದರಿಂದಲೇ ಈ ಕೊಂಬೆ ಹೀಗಾಗಿರಬಹುದು. ನಂದಿ ಬೆಟ್ಟದ ಬುಡದಲ್ಲಿ ವೈನಿಗೆ ಕ್ಯಾಬರ್ನೆ ಸಾವಿನ್ಯೋಂ ಬೆಳೀತಾರಲ್ಲ, ಅದೂ ಹೀಗೇ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬೋವರ್ಸ್, ಕ್ಯಾರೊಲ್ ಮೆರಿಡಿತ್ ಅದರ ತಂದೆತಾಯಿ ಯಾರು ಅಂತ ಪತ್ತೆ ಮಾಡಿದರು. ಒಂದು ಕಡೆ ಕ್ಯಾಬರ್ನೆ ಫ್ರಾಂ, ಕಪ್ಪು. ಇನ್ನೊಂದು ಕಡೆ ಸಾವಿನ್ಯೋಂ ಬ್ಲಾಂ, ಬಿಳಿ. ಅಂದರೆ ಕ್ಯಾಬರ್ನೆ ಒಳಗೂ ಒಂದು ಬಿಳಿ ಚೀಟಿ ಇದ್ದೇ ಇದೆ. ದಕ್ಷಿಣ ಆಸ್ಟ್ರೇಲಿಯಾದ ಲ್ಯಾಂಗ್‌ಹಾರ್ನ್ ಕ್ರೀಕ್‌ನಲ್ಲಿ ಕ್ಲೆಗೆಟ್ ಅನ್ನೋ ಮನೆತನದ ತೋಟ. 1977ರಲ್ಲಿ ಅವರ ಕಪ್ಪು ಕ್ಯಾಬರ್ನೆ ಬಳ್ಳಿಯೊಂದರಲ್ಲಿ ಕಂಚಿನ ಬಣ್ಣದ ಗೊಂಚಲು ಬಿಟ್ಟಿತು. ಅದನ್ನ ಬೇರೆ ನೆಟ್ಟು ಮಾಲಿಯನ್ ಅಂತ ಹೆಸರಿಟ್ಟರು. 1991ರಲ್ಲಿ ಮಾಲಿಯನ್ ಬಳ್ಳಿಯಲ್ಲೇ ಪೂರ್ತಿ ಬಿಳಿ ಗೊಂಚಲು ಬಂತು. ಅದಕ್ಕೆ ಶಾಲಿಸ್ಟಿನ್ ಅಂದರು. ಅಡಿಲೇಡ್‌ನವರು ಓದಿ ನೋಡಿದರೆ, ಹಲ್ಲಿ ಗಿಲ್ಲಿ ಏನಿಲ್ಲ, ಸರಿಯಿದ್ದ ಸ್ಟಾರ್ಟರ್‌ಗಳನ್ನೇ ಯಾರೋ ಕಳಚಿಕೊಂಡು ಹೋದ ಹಾಗೆ ಆ ತುಂಡೇ ಮಾಯ. ಉಳಿದಿದ್ದು ಬಿಳಿ ಚೀಟಿ ಒಂದೇ."

"ಅದು ಕಂಚು ಯಾಕೆ, ಇದು ಬಿಳಿ ಯಾಕೆ? ಕಳೆದು ಹೋದ ಮೇಲೆ ಹೋಯ್ತು. ಅರ್ಧ ಹೋಗೋದು ಅಂತ ಇರುತ್ತಾ?"

ಈ ಪ್ರಶ್ನೆಗೆ ಆಕೆಯ ಮುಖ ಅರಳಿತು. ಓದಿಲ್ಲದವರು ಎಂದುಕೊಂಡವರೇ ಇಂಥ ಪ್ರಶ್ನೆ ಕೇಳುತ್ತಾರೆ.

"ಬಳ್ಳಿಯ ಚಿಗುರು ಒಂದರ ಮೇಲೊಂದು ಪದರವಾಗಿ ಬೆಳೆಯುತ್ತೆ. ಸಿಪ್ಪೆಯ ಹೊರಗಿನ ಸಾಲು ಒಂದನೇ ಪದರದ್ದು. ಅದರ ಕೆಳಗಿನ ಸಾಲುಗಳು ಎರಡನೇ ಪದರದ್ದು. ಮಾಲಿಯನ್‌ನಲ್ಲಿ ಒಳಗಿನ ಪದರ ಮಾತ್ರ ಬಣ್ಣ ಕಳಕೊಂಡಿತ್ತು, ಹೊರಗಿನದು ಕಪ್ಪೇ ಇತ್ತು. ಬಿಳಿ ಲುಂಗಿ ಮೇಲೆ ತೆಳು ಕರಿ ಬಟ್ಟೆ ಹೊದ್ದ ಹಾಗೆ, ನೋಡೋಕೆ ಕಂಚು. ಆಮೇಲೆ ಒಳಗಿನ ಪದರದ ಕೋಶಗಳು ಹೊರಕ್ಕೆ ನುಗ್ಗಿ ಅದರ ಜಾಗ ಹಿಡಿದವು. ಶಾಲಿಸ್ಟಿನ್ ಬಿಳಿಯಾಯ್ತು. ಫ್ರಾನ್ಸಿನ ಪೀನೋ ಗ್ರಿಯಲ್ಲೂ ಇದೇ ಎರಡು ಪದರದ ಸಂಸಾರ. ಅದಕ್ಕೇ ಅದು ಬೂದು, ಅದರ ಮೂಲ ಪೀನೋ ನ್ವಾರ್ ಕಪ್ಪು."

"ಈರುಳ್ಳಿ ಸಿಪ್ಪೆ ಬಣ್ಣ," ಎಂದರು ದೊಡ್ಡಪ್ಪ ಮೆಲ್ಲಗೆ, ಕೊಂಬೆಯ ಕಡೆ ನೋಡುತ್ತ. ಮರುಕ್ಷಣವೇ ಸಾವರಿಸಿಕೊಂಡರು. "ಸರಿ, ನೀನು ಹೇಳಿದ್ದೇ ನಿಜ ಅಂತ ಇಟ್ಕೊ. ನನ್ನ ತೊಂದರೆ ಬೇರೆ. ನನಗೆ ಬೇಕಾಗಿರೋದು ಕಪ್ಪು. ವ್ಯಾಪಾರಿ ಬಂದು ಮೊದಲು ನೋಡೋದೇ ಬಣ್ಣ, ಸಿಹಿ ಆಮೇಲೆ. ಮೊದಲೆಲ್ಲ ಈ ಹೊತ್ತಿಗೆ ರಾತ್ರಿ ತಂಪಾಗ್ತಿತ್ತು, ಹಣ್ಣು ಒಂದೇ ವಾರದಲ್ಲಿ ತಿರುಗ್ತಿತ್ತು. ಈಗ ರಾತ್ರೀನೂ ಸೆಕೆ. ಎಥೆಫಾನ್ ಹೊಡೀರಿ ಅಂತಾರೆ. ಹೊಡೆದರೆ ಬಣ್ಣ ಬರುತ್ತೆ, ಹೆಚ್ಚಾದರೆ ಹಣ್ಣು ಉದುರುತ್ತೆ. ಜೀನ್ ಸರಿಯಾಗೇ ಇರೋ ಈ ಸಾವಿರ ಗೊಂಚಲಿಗೆ ನಿನ್ನ ಕೊಬಾಯಾಶಿ ಏನು ಹೇಳ್ತಾರೆ?"

"ಬಿಸಿಲಿನ ಲೆಕ್ಕ ಜಪಾನಿನವರೇ ಮಾಡಿದಾರೆ. 2007ರಲ್ಲಿ ಕ್ಯಾಬರ್ನೆ ಮೇಲೆ ಪ್ರಯೋಗ ಮಾಡಿದರು. 25 ಡಿಗ್ರಿಯಲ್ಲಿ ಬಂದ ಬಣ್ಣದ ಅರ್ಧವೂ 35 ಡಿಗ್ರಿಯಲ್ಲಿ ಉಳೀಲಿಲ್ಲ. ಹೊಸ ಬಣ್ಣ ಕಡಿಮೆ ತಯಾರಾಗೋದಷ್ಟೇ ಅಲ್ಲ, ತಯಾರಾದದ್ದೂ ಕರಗಿ ಹೋಗುತ್ತೆ."

"ಅದನ್ನ ನಾನು ಪ್ರಯೋಗ ಇಲ್ಲದೇ ಹೇಳ್ತಿದ್ದೆ."

"ಎಷ್ಟು ಕರಗುತ್ತೆ ಅಂತ ಹೇಳ್ತಿದ್ದಿರಾ?"

"ಎಷ್ಟು ರೂಪಾಯಿ ಕರಗುತ್ತೆ ಅಂತ ಹೇಳ್ತಿದ್ದೆ."

ಇಬ್ಬರೂ ನಕ್ಕರು. ಆದರೆ ಪ್ರಶ್ನೆ ನಕ್ಕು ಮುಗಿಸುವಂಥದ್ದಲ್ಲ. ಜಪಾನಿನಲ್ಲೂ ಕ್ಯೋಹೊ ಎಂಬ ದಪ್ಪ ಕಪ್ಪು ದ್ರಾಕ್ಷಿ ಸೆಕೆಯ ವರ್ಷಗಳಲ್ಲಿ ಕೆಂಪಗೇ ಉಳಿದು ಬೆಲೆ ಕಳೆದುಕೊಳ್ಳುತ್ತದೆ. ಅಲ್ಲಿನ ಬೆಳೆಗಾರರಲ್ಲಿ ಬಹಳ ಮಂದಿ ಹಿಡಿದ ದಾರಿ ಬಣ್ಣವನ್ನೇ ಕೈಬಿಡುವುದು. 2006ರಲ್ಲಿ ನೋಂದಣಿಯಾದ ಶೈನ್ ಮಸ್ಕಟ್ ಎಂಬ ಹಸಿರು ದ್ರಾಕ್ಷಿ ಈಗ ಅಲ್ಲಿನ ದುಬಾರಿ ಹಣ್ಣುಗಳಲ್ಲೊಂದು. ಅದು ಹುಟ್ಟಿದ್ದು ಬಣ್ಣದ ಗುಟ್ಟು ಬಿಡಿಸಿದ ಅದೇ ಅಕಿತ್ಸು ಕೇಂದ್ರದಲ್ಲಿ. ಒಂದು ಕೋಣೆಯಲ್ಲಿ ಬಣ್ಣ ಯಾಕೆ ಹೋಯಿತೆಂದು ಕಂಡುಹಿಡಿದರೆ, ಪಕ್ಕದ ಕೋಣೆಯವರು ಬಣ್ಣವಿಲ್ಲದ್ದನ್ನೇ ಮಾರಿ ಗೆದ್ದರು ಎನ್ನಬಹುದೇನೋ. ಹೀಗೆ ಹೇಳಿದರೆ ಆ ವಿಜ್ಞಾನಿಗಳಿಗೆ ಸ್ವಲ್ಪ ಅನ್ಯಾಯವಾಗುತ್ತದೆ. ಆದರೆ ದೊಡ್ಡಪ್ಪ ಇದನ್ನು ಕೇಳಿ ಬಹಳ ಖುಷಿಪಟ್ಟರು.

"ಮಾರ್ಕೆಟ್ಟು ನಿನ್ನ ಜೀನ್‌ಗಿಂತ ಜಾಣ."

"ಮಾರ್ಕೆಟ್ಟಿನ ಮಾತು ಬಂದಿದ್ದಕ್ಕೆ ಕೇಳ್ತೀನಿ. ಈ ಕೊಂಬೆ ನಿಜವಾಗಿ ಹೊಸದೇ ಆಗಿದ್ದರೆ ಅದು ಯಾರದು?"

"ನನ್ನ ತೋಟದ್ದು ನಂದು."

"ಹೇಳಿದರೆ ಸಾಲದು, ತೋರಿಸಬೇಕು. 2001ರ ಸಸ್ಯ ತಳಿ ಸಂರಕ್ಷಣೆಯ ಕಾಯ್ದೆಯಲ್ಲಿ ರೈತ ತಾನು ಗುರುತಿಸಿದ ತಳಿಯನ್ನ ತನ್ನ ಹೆಸರಲ್ಲಿ ನೋಂದಾಯಿಸಬಹುದು. ಆದರೆ ಅದು ಬೇರೇನೇ ಅಂತ, ಪ್ರತಿ ಸಲವೂ ಹಾಗೇ ಬರುತ್ತೆ ಅಂತ ಸಾಬೀತು ಮಾಡಬೇಕು. ಕಣ್ಣಿದ್ದರೆ ಸಾಕು ಅಂದಿರಿ. ಕಣ್ಣು ಹುಡುಕೋಕೆ ಸಾಕು."

ದೊಡ್ಡಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಹೊಸ ಬಣ್ಣದ ಬೀಜರಹಿತ ತಳಿಗಳನ್ನು ಹೊರಗಿನ ಕಂಪನಿಗಳಿಂದ ಒಪ್ಪಂದ ಮಾಡಿಕೊಂಡು, ದುಡ್ಡು ಕಟ್ಟಿ ಬೆಳೆಯುವವರ ಸುದ್ದಿ ಅವರ ಕಿವಿಗೂ ಬಿದ್ದಿದೆ. ಕಡ್ಡಿ ಕಡಿದು ಪಕ್ಕದವನಿಗೆ ಸುಮ್ಮನೆ ಕೊಡುವ ಕಾಲದಲ್ಲಿ ಬೆಳೆದವರು ಅವರು.

"ಸರಿ, ಒಂದೆಲೆ ಕಿತ್ಕೊಂಡು ಹೋಗು. ನಿನ್ನ ಲ್ಯಾಬಲ್ಲಿ ನೋಡಿ ಹೇಳು."

"ಎಲೆ ಸಾಲದು."

"ಈಗ ತಾನೆ ಎರಡೆಲೆ ಸಸಿಯಲ್ಲೇ ಹೇಳ್ತೀವಿ ಅಂದೆ!"

"ಅದು ಬೀಜದ ಸಸಿ ದೊಡ್ಡಪ್ಪ, ಅದರ ಪದರಗಳೆಲ್ಲ ಒಂದೇ. ಇಲ್ಲಿ ನನ್ನ ಅನುಮಾನ ಇರೋದು ಪದರ ಪದರಕ್ಕೂ ಬೇರೆ ಅಂತ. ಎಲೆಯಲ್ಲಿ ಎರಡೂ ಪದರ ಕಲಸಿಕೊಂಡಿರುತ್ತೆ. ಕಡ್ಡಿ ನೆಟ್ಟು ಬೇರು ಬಿಡಿಸಿದರೆ, ಆ ಬೇರು ಒಳಗಿನ ಪದರದಿಂದ ಹುಟ್ಟಿರುತ್ತೆ. ಬೇರನ್ನೂ ಎಲೆಯನ್ನೂ ಬೇರೆ ಬೇರೆ ಓದಿ ಹೋಲಿಸಬೇಕು. ಬೇರಲ್ಲಿ ಬಿಳಿ ಚೀಟಿ ಒಂದೇ ಇದ್ದು, ಎಲೆಯಲ್ಲಿ ಕಪ್ಪಿನ ಚೀಟಿಯೂ ಕಂಡರೆ ನನ್ನ ಮಾತು ನಿಜ."

"ಎರಡರಲ್ಲೂ ಎರಡೂ ಇದ್ದರೆ?"

"ಆಗ ಪೊಟ್ಯಾಷ್ ಇರಬಹುದು. ಬಿಸಿಲಿರಬಹುದು. ಅಥವಾ ನಾನು ಹುಡುಕದೇ ಇರೋ ಮತ್ತೇನೋ."

"ಅಂದರೆ ಮುಂದಿನ ಸಲ ಕತ್ತರಿ ಹಾಕೋವರೆಗೂ ಇದನ್ನ ಕಾಯಬೇಕು. ಆಮೇಲೆ ಕಡ್ಡಿ ನೆಡೋಕೆ ಜಾಗ ಕೊಡಬೇಕು, ನೀರು ಕೊಡಬೇಕು. ಹಣ್ಣು ನೋಡೋಕೆ ಎರಡು ಮೂರು ವರ್ಷ."

"ಎರಡು ಕಡ್ಡಿ ಸಾಕು."

"ಎರಡು ಕಡ್ಡಿ ಅಂದರೆ ಎರಡು ಗುಣಿ. ಒಂದೊಂದು ಗುಣಿಯಲ್ಲೂ ಒಂದು ಬೆಂಗಳೂರು ಬ್ಲೂ ಬರೋದು."

ಅಷ್ಟರಲ್ಲಿ ಪಂಪ್‌ಸೆಟ್ ಮನೆಯ ಬಲ್ಬು ಹೊತ್ತಿತು. ತ್ರೀ ಫೇಸ್ ಬಂದಿತ್ತು. ದೊಡ್ಡಪ್ಪ ಮಾತನ್ನು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು, ತಲೆ ಬಗ್ಗಿಸಿ ಸಾಲಿನುದ್ದಕ್ಕೂ ಬಿರಬಿರನೆ ನಡೆದರು. ಸ್ವಲ್ಪ ಹೊತ್ತಿಗೆ ಸ್ಟಾರ್ಟರ್ ಡಬ್ಬಿಯ ಮುಚ್ಚಳವನ್ನು ಕೈಯಿಂದ ಎರಡು ಸಲ ಬಡಿದ ಸದ್ದು, ಆಮೇಲೆ ಮೋಟರಿನ ಸದ್ದು.

ಆಕೆ ಮೊಬೈಲು ತೆಗೆದು ಸೀರೆಯ ಚೂರು ಕಟ್ಟಿದ ಕೊಂಬೆಯ ಗೊಂಚಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಕೆಳಗಿನ ಗೊಂಚಲಿನ ಒಂದು ಹಣ್ಣಿನಲ್ಲಿ ತೊಟ್ಟಿನಿಂದ ತುದಿಯವರೆಗೆ ಗೆರೆ ಎಳೆದ ಹಾಗೆ ಒಂದು ಪಟ್ಟೆ ಕಪ್ಪಾಗಿತ್ತು, ಉಳಿದದ್ದು ಈರುಳ್ಳಿ ಸಿಪ್ಪೆ. ಅದರ ಫೋಟೋ ತೆಗೆದಳು. ಅದೇ ಗೊಂಚಲಿನ ಹಿಂಬದಿಯಲ್ಲಿ ಮೂರು ಹಣ್ಣು, ಗಟ್ಟಿ, ಬರೀ ಹಸಿರು, ದೊಡ್ಡಪ್ಪ ಹೇಳಿದ್ದ ಹಳೇ ಕಥೆಯವು. ಅವುಗಳದ್ದೂ ತೆಗೆದಳು.